ಅವಳಿ ಮಸೂರದ ಕ್ಯಾಮೆರಾದ ಗುರುತು ಮತ್ತು ಕಾಲನಿರ್ಣಯ: ರೋಲಿಫ್ಲೆಕ್ಸ್ ನಿದರ್ಶನ

ತೇದಿಯಿಲ್ಲದ ಶಾಸನವನ್ನು ಅಕ್ಷರಗಳ ರೂಪದಿಂದಲೂ, ತೇದಿಯಿಲ್ಲದ ಓಲೆಗರಿಯನ್ನು ಲಿಪಿಕಾರನ ಬರವಣಿಗೆಯಿಂದಲೂ ಒಂದು ಕಾಲಘಟ್ಟಕ್ಕೆ ಹೊಂದಿಸುವ ಕ್ರಮ ಕನ್ನಡ ಸಂಶೋಧನೆಗೆ ಹೊಸದಲ್ಲ. ಶಾಸನದಲ್ಲಿ ಅರಸನ ಹೆಸರಿಲ್ಲದಿದ್ದರೂ ಅಕ್ಷರದ ತಲೆಕಟ್ಟು ಮಾತನಾಡುತ್ತದೆ ಎಂಬ ನಂಬಿಕೆಯ ಮೇಲೆ ಆ ವಿದ್ಯೆ ನಿಂತಿದೆ. ಇಪ್ಪತ್ತನೆಯ ಶತಮಾನದ ಛಾಯಾಚಿತ್ರಗಳಿಗೂ ಇದೇ ಶಿಸ್ತನ್ನು ಅನ್ವಯಿಸಬಹುದು. ಛಾಯಾಚಿತ್ರದ ಬೆನ್ನಿನಲ್ಲಿ ಬರವಣಿಗೆ ಇಲ್ಲದಿದ್ದಾಗ ಅದನ್ನು ತೆಗೆದ ಯಂತ್ರ, ಅದು ಮೂಡಿದ ಫಿಲ್ಮು, ಅದನ್ನು ಅಚ್ಚುಹಾಕಿದ ಕಾಗದ ಇವೆಲ್ಲ ಲಿಪಿಯ ಸ್ಥಾನದಲ್ಲಿ ನಿಲ್ಲುತ್ತವೆ.

ಗಡಿಯಾಚೆಯ ಕನ್ನಡ ಪ್ರದೇಶಗಳ ಮಟ್ಟಿಗೆ ಈ ಪ್ರಶ್ನೆಗೆ ವಿಶೇಷವಾದ ತೂಕವಿದೆ. ಇಲ್ಲಿ ಕೆಲವು ತೇದಿಗಳು ಹಿಂದು ಮುಂದುಗಳನ್ನು ಕತ್ತರಿಸಿದಂತೆ ಬೇರ್ಪಡಿಸುತ್ತವೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು; ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಬಂದಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ಕೇರಳದ ಪಾಲಾಯಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಪ್ರದೇಶಗಳು ಮುಂಬಯಿ ರಾಜ್ಯದಲ್ಲೇ ಉಳಿದು, 1960ರ ಮೇ 1ರಿಂದ ಮಹಾರಾಷ್ಟ್ರದವಾದವು. ಶಾಲೆಯ ಮುಂದೆ ನಿಂತ ಮಕ್ಕಳ ಸಾಲು, ಅಂಗಡಿಯ ಮೇಲಿನ ಕನ್ನಡ ಫಲಕ, ನಾಡಹಬ್ಬದ ವೇದಿಕೆ ಇಂಥ ಚಿತ್ರಗಳು ಆ ತೇದಿಗಳಿಗಿಂತ ಹಿಂದಿನವೋ ಮುಂದಿನವೋ ಎಂಬುದರ ಮೇಲೆ ಅವುಗಳ ಅರ್ಥವೇ ಬದಲಾಗುತ್ತದೆ. ಎರಡು ಮೂರು ವರ್ಷಗಳ ವ್ಯತ್ಯಾಸ ಬೇರೆಡೆ ಅಲ್ಪವಾದರೂ ಇಲ್ಲಿ ಅಲ್ಪವಲ್ಲ.

ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ, ಮುಚ್ಚಿಹೋದ ಸ್ಟುಡಿಯೋಗಳ ಕಪಾಟುಗಳಲ್ಲಿ ದೊರೆಯುವ ಕ್ಯಾಮೆರಾಗಳ ಪೈಕಿ ಮೇಲೊಂದು ಕೆಳಗೊಂದು ಮಸೂರವಿರುವ, ಹೊಟ್ಟೆಯ ಮಟ್ಟದಲ್ಲಿ ಹಿಡಿದು ತಲೆಬಗ್ಗಿಸಿ ನೋಡುವ ಕ್ಯಾಮೆರಾ ತಟ್ಟನೆ ಗುರುತು ಸಿಗುವಂಥದು. ಟ್ವಿನ್ ಲೆನ್ಸ್ ರಿಫ್ಲೆಕ್ಸ್ ಎಂದು ಕರೆಯಲಾಗುವ ಈ ಅವಳಿ ಮಸೂರದ ಯಂತ್ರದ ಮೇಲೆ ತಯಾರಿಕೆಯ ವರ್ಷವನ್ನು ಸಾಮಾನ್ಯವಾಗಿ ಎಲ್ಲಿಯೂ ಕೆತ್ತಿರುವುದಿಲ್ಲ. ಆದರೂ ಅದರ ಮೈಮೇಲಿನ ಗುರುತುಗಳನ್ನು ಕ್ರಮವಾಗಿ ಓದಿದರೆ ಎರಡು ಮೂರು ವರ್ಷಗಳ ಅಂತರದೊಳಗೆ ಕಾಲವನ್ನು ನಿಶ್ಚಯಿಸಬಹುದು. ಈ ಜಾತಿಯ ಕ್ಯಾಮೆರಾಗಳಿಗೆ ಮಾದರಿಯಾದ ಜರ್ಮನಿಯ ರೋಲಿಫ್ಲೆಕ್ಸ್ ಈ ಓದಿಗೆ ತಕ್ಕ ನಿದರ್ಶನ.

ಯಂತ್ರದ ರಚನೆ

ಅವಳಿ ಮಸೂರದ ಕ್ಯಾಮೆರಾದಲ್ಲಿ ಎರಡು ಕೋಣೆಗಳಿರುತ್ತವೆ. ಮೇಲಿನ ಮಸೂರದಿಂದ ಬಂದ ಬೆಳಕು 45 ಕೋನದಲ್ಲಿ ಓರೆಯಾಗಿ ನಿಲ್ಲಿಸಿದ ಕನ್ನಡಿಗೆ ಬಡಿದು, ನೆತ್ತಿಯ ಮೇಲಿನ ಮಬ್ಬುಗಾಜಿನಲ್ಲಿ ಬಿಂಬವಾಗಿ ಮೂಡುತ್ತದೆ. ಛಾಯಾಗ್ರಾಹಕ ನೋಡುವುದು ಈ ಬಿಂಬವನ್ನು. ಕೆಳಗಿನ ಮಸೂರದ ಹಿಂದೆ ಷಟರ್ ಮತ್ತು ಫಿಲ್ಮು ಇರುತ್ತವೆ; ಚಿತ್ರ ಮೂಡುವುದು ಅಲ್ಲಿ. ಎರಡು ಮಸೂರಗಳೂ ಒಂದೇ ಫಲಕದ ಮೇಲಿದ್ದು ಒಟ್ಟಿಗೆ ಹಿಂದೆ ಮುಂದೆ ಸರಿಯುವುದರಿಂದ ಮೇಲೆ ಸ್ಪಷ್ಟವಾದದ್ದು ಕೆಳಗೂ ಸ್ಪಷ್ಟವಾಗಿರುತ್ತದೆ. ಒಂದೇ ಕನ್ನಡಿಯ ಮೂಲಕ ನೋಡುವುದರಿಂದ ಮಬ್ಬುಗಾಜಿನ ಬಿಂಬ ಎಡಬಲ ಮಗುಚಿರುತ್ತದೆ; ಫಿಲ್ಮಿನ ಚಿತ್ರಕ್ಕೆ ಆ ದೋಷವಿಲ್ಲ. ಆದ್ದರಿಂದ ಅಚ್ಚಾದ ಚಿತ್ರದಲ್ಲಿ ಫಲಕದ ಕನ್ನಡ ಅಕ್ಷರಗಳು ಮಗುಚಿ ಕಂಡರೆ ದೋಷ ಕ್ಯಾಮೆರಾದ್ದಲ್ಲ, ಕತ್ತಲೆಕೋಣೆಯಲ್ಲಿ ನೆಗೆಟಿವನ್ನು ತಿರುಗಿಸಿ ಇಟ್ಟದ್ದು.

ಈ ತತ್ತ್ವ ಹತ್ತೊಂಬತ್ತನೆಯ ಶತಮಾನದ್ದು. 1880ರ ದಶಕದಲ್ಲೇ ಲಂಡನ್ನಿನಲ್ಲಿ ಗಾಜಿನ ಫಲಕ ಬಳಸುವ ದೊಡ್ಡ ಅವಳಿ ಮಸೂರದ ಪೆಟ್ಟಿಗೆಗಳು ಮಾರಾಟಕ್ಕಿದ್ದವು. ಅದನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿಸಿ, ಸುರುಳಿ ಫಿಲ್ಮಿಗೆ ಹೊಂದಿಸಿ, ಲೋಹದ ಗಟ್ಟಿಮೈಯಲ್ಲಿ ಕೂರಿಸಿದ್ದು ಬ್ರೌನ್‌ಷ್ವೈಗ್ ನಗರದ ಫ್ರಾಂಕೆ ಮತ್ತು ಹೈಡೆಕೆ ಸಂಸ್ಥೆ. ಫೋಗ್ಟ್‌ಲ್ಯಾಂಡರ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಪೌಲ್ ಫ್ರಾಂಕೆ ಮತ್ತು ರೈನ್‌ಹೋಲ್ಡ್ ಹೈಡೆಕೆ 1920ರಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಮೊದಲ ಕ್ಯಾಮೆರಾ ಹೈಡೋಸ್ಕೋಪ್. ಸುರುಳಿ ಫಿಲ್ಮಿನ ರೋಲಿಡೋಸ್ಕೋಪ್ 1926ರದು. ಇವೆರಡೂ ಅಡ್ಡಸಾಲಿನಲ್ಲಿ ಮೂರು ಮಸೂರಗಳಿದ್ದ ಜೋಡಿಚಿತ್ರದ ಕ್ಯಾಮೆರಾಗಳು. ಪಕ್ಕದ ಎರಡು ಚಿತ್ರ ತೆಗೆಯಲು, ನಡುವಿನದು ನೋಡಲು. ಪಕ್ಕದ ಒಂದು ಮಸೂರವನ್ನು ಬಿಟ್ಟು, ಉಳಿದೆರಡನ್ನು ಮೇಲೆ ಕೆಳಗೆ ನಿಲ್ಲಿಸಿದರೆ ರೋಲಿಫ್ಲೆಕ್ಸಿನ ರೂಪ ಸಿದ್ಧವಾಗುತ್ತದೆ. ಅದು ಮಾರುಕಟ್ಟೆಗೆ ಬಂದದ್ದು 1929ರಲ್ಲಿ.

ಈ ವರ್ಷವೇ ಕಾಲನಿರ್ಣಯದ ಮೊದಲ ಮೇರೆ. ರೋಲಿಫ್ಲೆಕ್ಸ್ ಕ್ಯಾಮೆರಾದಿಂದ ತೆಗೆದದ್ದೆಂದು ಹೇಳುವ ಚಿತ್ರ 1929ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ.

ಮಾದರಿಯನ್ನು ಗುರುತಿಸುವ ಕ್ರಮ

ಕಾಲನಿರ್ಣಯಕ್ಕಿಂತ ಮೊದಲು ಮಾದರಿಯ ಗುರುತಾಗಬೇಕು. ಮೇಲಿನ ಮಸೂರದ ನೆತ್ತಿಯಲ್ಲಿರುವ ನಾಮಫಲಕದಲ್ಲಿ ರೋಲಿಫ್ಲೆಕ್ಸ್ ಎಂಬ ಹೆಸರಿದ್ದರೂ ಮಾದರಿಯ ಹೆಸರು ಬಹುಮಟ್ಟಿಗೆ ಇರುವುದಿಲ್ಲ. 2.8 ಎಫ್‌ನಂಥ ನಂತರದ ಕೆಲವು ಮಾದರಿಗಳಲ್ಲಿ ಮಾತ್ರ ಕ್ರಮಸಂಖ್ಯೆಯ ಹಿಂದೆ ಮಾದರಿಯ ಅಕ್ಷರವನ್ನು ಸೇರಿಸಲಾಗಿದೆ. ಹೀಗಾಗಿ ಯಂತ್ರದ ಅಂಗಗಳನ್ನೇ ನೋಡಬೇಕಾಗುತ್ತದೆ.

ಮೊದಲು ನೋಡಬೇಕಾದದ್ದು ಫಿಲ್ಮನ್ನು ಮುಂದೆ ಸರಿಸುವ ವ್ಯವಸ್ಥೆ. 1929ರ ಮೂಲ ಮಾದರಿಯಲ್ಲಿ 117 ಎಂಬ ಅಳತೆಯ ಫಿಲ್ಮಿನ ಮೇಲೆ ಆರು ಚಿತ್ರಗಳು ಮಾತ್ರ ಬರುತ್ತಿದ್ದವು. ಫಿಲ್ಮನ್ನು ಸರಿಸಲು ಗುಂಡಿಯಿತ್ತು. 1932ರ ಸ್ಟ್ಯಾಂಡರ್ಡ್ ಮಾದರಿ 120 ಫಿಲ್ಮನ್ನು ಸ್ವೀಕರಿಸಿತು. ಆರು ಸೆಂಟಿಮೀಟರಿನ ಚೌಕದ ಹನ್ನೆರಡು ಚಿತ್ರಗಳು ಬರುವಂತಾಯಿತು. ಬಲಬದಿಯಲ್ಲಿ ತಿರುಗುಹಿಡಿಕೆ ಬಂತು. ಇದರಲ್ಲಿ ಮೊದಲ ಚಿತ್ರದ ಅಂಕಿಯನ್ನು ಕೆಂಪು ಕಿಂಡಿಯಲ್ಲಿ ನೋಡಿ ಹೊಂದಿಸಬೇಕಿತ್ತು. 1937ರ ಆಟೋಮ್ಯಾಟ್ ಆ ಅಗತ್ಯವನ್ನೂ ತೆಗೆದುಹಾಕಿತು. ಕಾಗದದ ಜೊತೆಗೆ ಫಿಲ್ಮು ಆರಂಭವಾಗುವಲ್ಲಿ ಹೆಚ್ಚುವ ದಪ್ಪವನ್ನು ಉರುಳೆಗಳೇ ಅರಿತು, ಮೊದಲ ಚಿತ್ರದ ಜಾಗವನ್ನು ತಾವೇ ಗೊತ್ತುಮಾಡುತ್ತಿದ್ದವು. ಅದೇ ವರ್ಷದ ಪ್ಯಾರಿಸ್ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಅದಕ್ಕೆ ಮಹಾಬಹುಮಾನ ಬಂತು.

ರೋಲಿಕಾರ್ಡ್ ಎಂಬುದು ಅದೇ ಸಂಸ್ಥೆ 1933ರಲ್ಲಿ ಹೊರತಂದ ಅಗ್ಗದ ಸೋದರ ಮಾದರಿ. ಇದರಲ್ಲಿ ತಿರುಗುಹಿಡಿಕೆಯ ಬದಲು ಗುಂಡಿ. ಮೊದಲ ದಿನಗಳಲ್ಲಿ ನಾಲ್ಕು ಗಾಜುಗಳ ಟೆಸ್ಸಾರ್ ಮಸೂರದ ಬದಲು ಮೂರು ಗಾಜುಗಳ ಟ್ರಿಯೋಟಾರ್. ಬಿಂಬವನ್ನು ಸ್ಪಷ್ಟಗೊಳಿಸುವ ಗುಂಡಿ ರೋಲಿಕಾರ್ಡಿನ ಬಲಬದಿಯಲ್ಲಿದ್ದರೆ ಅದು 1957ಕ್ಕಿಂತ ಹಿಂದಿನ ವಿನ್ಯಾಸ. ಆ ವರ್ಷದ ಐದು-ಎ ಮಾದರಿಯಿಂದ ಅದು ಎಡಬದಿಗೆ ಹೋಯಿತು. ಮನೆಯವರು ರೋಲಿಫ್ಲೆಕ್ಸ್ ಎಂದೇ ಕರೆಯುತ್ತ ಬಂದ ಕ್ಯಾಮೆರಾ ನಿಜವಾಗಿ ರೋಲಿಕಾರ್ಡ್ ಆಗಿರುವುದುಂಟು. ತಿರುಗುಹಿಡಿಕೆಯೋ ಗುಂಡಿಯೋ ಎಂದು ನೋಡಿದರೆ ಆ ಗೊಂದಲ ಬಗೆಹರಿಯುತ್ತದೆ.

ಆಮೇಲೆ ಷಟರಿನ ವೇಗಗಳು. ಹಳೆಯ ಕಾಂಪುರ್ ಷಟರುಗಳ ಮೇಲೆ 1, 2, 5, 10, 25, 50, 100 ಎಂಬ ಅಂಕಿಗಳಿರುತ್ತವೆ. 1930ರ ದಶಕದ ನಡುವೆ ಬಂದ ಕಾಂಪುರ್-ರಾಪಿಡ್ ಸೆಕೆಂಡಿನ 500ನೆಯ ಒಂದು ಭಾಗದ ವೇಗವನ್ನು ಮುಟ್ಟಿತು. 1951ರಿಂದ ಫ್ಲ್ಯಾಷ್ ಬೆಳಕಿನೊಡನೆ ಕೂಡಿ ಕೆಲಸ ಮಾಡುವ ಸಿಂಕ್ರೋ-ಕಾಂಪುರ್ ಬಳಕೆಗೆ ಬಂತು. 1954ರಲ್ಲಿ ಬೆಳಕಿನ ಮೌಲ್ಯ ಎಂಬ ಒಂದೇ ಅಂಕಿಯಿಂದ ವೇಗವನ್ನೂ ರಂಧ್ರವನ್ನೂ ಜೋಡಿಸುವ ವ್ಯವಸ್ಥೆ ಕಾಣಿಸಿಕೊಂಡಿತು. ಆ ಜೋಡಣೆ ನಡೆಯಬೇಕಾದರೆ ಪ್ರತಿಯೊಂದು ವೇಗವೂ ಹಿಂದಿನದರ ಇಮ್ಮಡಿಯಾಗಿರಬೇಕು. 5, 10, 25, 50 ಎಂಬ ಹಳೆಯ ಸಾಲು ಆ ನಿಯಮಕ್ಕೆ ಹೊಂದುತ್ತಿರಲಿಲ್ಲ. ಅದಕ್ಕಾಗಿ 1, 2, 4, 8, 15, 30, 60, 125, 250, 500 ಎಂಬ ಹೊಸ ಸಾಲು ಬಂತು. ಆದ್ದರಿಂದ ವೇಗದ ಅಂಕಿಗಳಲ್ಲಿ 50 ಮತ್ತು 100 ಇದ್ದರೆ ಅದು ಹಳೆಯ ಕ್ರಮ. 60 ಮತ್ತು 125 ಇದ್ದರೆ 1950ರ ದಶಕದ ನಡುವಿನ ಅನಂತರದ್ದು. ಹೆಸರು, ಸಂಖ್ಯೆ ಎಲ್ಲ ಅಳಿಸಿಹೋದ ಕ್ಯಾಮೆರಾದಲ್ಲಿಯೂ ಈ ಒಂದು ಗುರುತು ಉಳಿದಿರುವ ಸಾಧ್ಯತೆ ಹೆಚ್ಚು.

ಮೂರನೆಯದು ಹಕ್ಕಿನ ಮುದ್ರೆಗಳು. ಮುಂಭಾಗದ ಫಲಕದಲ್ಲಿ ಡಿ.ಆರ್.ಪಿ. ಎಂಬ ಅಕ್ಷರಗಳಿದ್ದರೆ ಅದು ಜರ್ಮನ್ ರೈಖ್ ಕಾಲದ ಪೇಟೆಂಟ್. ಡಿ.ಬಿ.ಪಿ. ಎಂದಿದ್ದರೆ ಅದು ಒಕ್ಕೂಟ ಗಣರಾಜ್ಯದ ಪೇಟೆಂಟ್. ಆ ಗಣರಾಜ್ಯ ಹುಟ್ಟಿದ್ದೂ ಮ್ಯೂನಿಕ್ ನಗರದಲ್ಲಿ ಅದರ ಪೇಟೆಂಟ್ ಕಚೇರಿ ತೆರೆದದ್ದೂ 1949ರಲ್ಲಿ. ಎರಡನೆಯ ಮುದ್ರೆಯಿರುವ ಯಾವ ಕ್ಯಾಮೆರಾವೂ ಭಾರತದ ಸ್ವಾತಂತ್ರ್ಯಕ್ಕಿಂತ ಹಿಂದಿನದಾಗಲಾರದು.

ನಾಲ್ಕನೆಯದು ಮಸೂರದ ಸುತ್ತಿನ ಬರವಣಿಗೆ. ಯುದ್ಧಪೂರ್ವದ ಮಸೂರಗಳ ಮೇಲೆ ಕಾರ್ಲ್ ಜೈಸ್ ಯೇನಾ ಎಂದಿರುತ್ತದೆ. 1945ರ ಅನಂತರ ಯೇನಾ ಸೋವಿಯತ್ ವಲಯಕ್ಕೆ ಸೇರಿತು. ಜೈಸ್ ಸಂಸ್ಥೆಯ ಒಂದು ಭಾಗ ಪಶ್ಚಿಮದ ಓಬರ್‌ಕೋಖೆನ್‌ನಲ್ಲಿ ಹೊಸದಾಗಿ ನೆಲೆಗೊಂಡಿತು. ಅಲ್ಲಿಂದ ಬಂದ ಮಸೂರಗಳ ಮೇಲೆ 1950ರ ದಶಕದ ಆರಂಭದ ವರ್ಷಗಳಲ್ಲಿ ಜೈಸ್-ಓಪ್ಟೋನ್ ಎಂದೂ, ಆಮೇಲೆ ಊರಿನ ಹೆಸರಿಲ್ಲದೆ ಕಾರ್ಲ್ ಜೈಸ್ ಎಂದೂ ಕೆತ್ತಲಾಯಿತು. ಕೆಂಪು ಬಣ್ಣದ ಟಿ ಅಕ್ಷರವಿದ್ದರೆ ಗಾಜಿಗೆ ಪ್ರತಿಫಲನ ತಡೆಯುವ ಲೇಪನವಿದೆಯೆಂದು ಅರ್ಥ. ಈ ಲೇಪನದ ಪೇಟೆಂಟ್ 1935ರದ್ದಾದರೂ ಸಾಮಾನ್ಯ ಗಿರಾಕಿಗಳ ಕ್ಯಾಮೆರಾಗಳಲ್ಲಿ ಅದು ವ್ಯಾಪಕವಾದದ್ದು ಯುದ್ಧದ ಅನಂತರ. ದೇಶವೊಂದು ಎರಡಾದ ಕಥೆ ಮಸೂರದ ಬಳೆಯ ಮೇಲೆ ಊರಿನ ಹೆಸರಾಗಿ ಉಳಿದಿರುವುದನ್ನು ಗಡಿನಾಡಿನ ಓದುಗರು ವಿಶೇಷವಾಗಿ ಗಮನಿಸಬಹುದು.

ಸಂಖ್ಯೆಗಳು

ಈ ನಾಲ್ಕು ಗುರುತುಗಳಿಂದ ಕಾಲಘಟ್ಟ ಗೊತ್ತಾದ ಮೇಲೆ ಸಂಖ್ಯೆಗಳನ್ನು ಓದಬೇಕು. ಈ ಕ್ಯಾಮೆರಾದಲ್ಲಿ ಕಣ್ಣಿಗೆ ಕಾಣುವ ಸಂಖ್ಯೆಗಳು ಮೂರು: ನಾಮಫಲಕದ ಮೇಲಿನ ಕ್ಯಾಮೆರಾದ ಕ್ರಮಸಂಖ್ಯೆ, ಕೆಳಗಿನ ಮಸೂರದ ಸಂಖ್ಯೆ, ಮೇಲಿನ ಮಸೂರದ ಸಂಖ್ಯೆ. ಷಟರಿಗೂ ತನ್ನದೇ ಸಂಖ್ಯೆಯಿದ್ದರೂ ಬಿಚ್ಚದೆ ಅದು ಕಾಣದು. ಇವು ಒಂದಕ್ಕೊಂದು ಹೊಂದಬೇಕಾಗಿಲ್ಲ. ಹೈಡೋಸ್ಮಾಟ್ ಎಂಬ ಹೆಸರಿನ ಮೇಲಿನ ಮಸೂರ ನೋಡುವುದಕ್ಕೆ ಮಾತ್ರ. ಅದರ ಸಂಖ್ಯೆಯನ್ನು ಜೈಸ್ ಪಟ್ಟಿಯಲ್ಲಿ ಹುಡುಕಿ ವರ್ಷ ಹೇಳುವುದು ತಪ್ಪು.

ಕ್ಯಾಮೆರಾದ ಕ್ರಮಸಂಖ್ಯೆಯೇ ಮುಖ್ಯ ಆಧಾರ. ಸಂಗ್ರಾಹಕರು ಎಂಎಕ್ಸ್ ಎಂದು ಕರೆಯುವ, ಎರಡು ಬಗೆಯ ಫ್ಲ್ಯಾಷ್‌ಗೆ ಹೊಂದುವ 3.5 ಮಾದರಿ 1951ರಿಂದ 1954ರವರೆಗಿನದು. ಅದರ ಸಂಖ್ಯೆಗಳು 12,00,000ದಿಂದ ಆರಂಭವಾಗುತ್ತವೆ. ಬೆಳಕಿನ ಮೌಲ್ಯದ ಅಂಕಿ ಸೇರಿದ ಎಂಎಕ್ಸ್-ಇವಿಎಸ್ 14,28,000ದಿಂದ ತೊಡಗಿ 1954ರಿಂದ 1956ರವರೆಗೆ ನಡೆಯಿತು. 1956ರ ಇ ಮಾದರಿಯಲ್ಲಿ ಬೆಳಕುಮಾಪಕವನ್ನು ಅಳವಡಿಸುವ ಅವಕಾಶ ಬಂತು. ಎಫ್ ಮಾದರಿಯಲ್ಲಿ ಆ ಮಾಪಕ ವೇಗ ಮತ್ತು ರಂಧ್ರಗಳೊಡನೆ ಕೂಡಿಕೊಂಡಿತು, 2.8 ಎಫ್ 1960ರಲ್ಲಿ ಆರಂಭವಾಗಿ ಎರಡು ದಶಕ ತಯಾರಾಯಿತು.

ಮಸೂರದ ಸಂಖ್ಯೆ ಇದಕ್ಕೆ ಒತ್ತಾಸೆ. ಯೇನಾದ ಜೈಸ್ ಸಂಖ್ಯೆಗಳು 1930ರ ಸುಮಾರಿಗೆ 10 ಲಕ್ಷವನ್ನೂ 1937ರ ಸುಮಾರಿಗೆ 20 ಲಕ್ಷವನ್ನೂ ದಾಟಿದವು. ಕ್ರಾಯ್ಟ್ಸ್‌ನಾಖ್ ಊರಿನ ಶ್ನೈಡರ್ ಸಂಸ್ಥೆಯ ಸಂಖ್ಯೆಗಳು 1936ರ ಕೊನೆಯ ಹೊತ್ತಿಗೆ 10 ಲಕ್ಷವನ್ನೂ 1957ರ ಸುಮಾರಿಗೆ 50 ಲಕ್ಷವನ್ನೂ ಮುಟ್ಟಿದವು. ಮಸೂರಗಳು ತಂಡತಂಡವಾಗಿ ತಯಾರಾಗಿ ದಾಸ್ತಾನಿನಲ್ಲಿ ಕಾಯುತ್ತಿದ್ದುದರಿಂದ ಮಸೂರ ಕ್ಯಾಮೆರಾಕ್ಕಿಂತ ಒಂದೆರಡು ವರ್ಷ ಹಿಂದಿನದಾಗಿರುವುದು ಸಹಜ. ಮಸೂರವೇ ಕ್ಯಾಮೆರಾಕ್ಕಿಂತ ಈಚಿನದಾಗಿದ್ದರೆ ಅದನ್ನು ಬದಲಾಯಿಸಲಾಗಿದೆಯೆಂದೇ ತಿಳಿಯಬೇಕು.

ಬದಲಾವಣೆಯ ಸಾಧ್ಯತೆಯನ್ನು ಎಂದೂ ಮರೆಯುವಂತಿಲ್ಲ. ಕಾಸರಗೋಡು, ವಯನಾಡಿನಂಥ ಹೆಚ್ಚು ಮಳೆಯ ಸೀಮೆಗಳಲ್ಲಿ ಮಸೂರದೊಳಗೆ ಬೂಷ್ಟು ಹಿಡಿಯುವುದು ಸುಲಭ. ಕೆಟ್ಟ ಮಸೂರವನ್ನೋ ಮುಂಭಾಗದ ಇಡೀ ಫಲಕವನ್ನೋ ಇನ್ನೊಂದು ಕ್ಯಾಮೆರಾದಿಂದ ತಂದು ಕೂಡಿಸುವುದು ದುರಸ್ತಿಯ ಒಂದು ದಾರಿ. ಇ ಮಾದರಿಗೆ ಬೆಳಕುಮಾಪಕವನ್ನು ಕೊಂಡ ಮೇಲೂ ಸೇರಿಸಬಹುದಿತ್ತು. ಮಾಪಕವಿದೆಯೆಂಬ ಒಂದೇ ಕಾರಣಕ್ಕೆ ಕ್ಯಾಮೆರಾ ಈಚಿನದೆನ್ನಲಾಗದು. ಒಂದೇ ಗುರುತಿನಿಂದ ತೀರ್ಮಾನಿಸದೆ ಮೂರು ಗುರುತುಗಳಾದರೂ ಒಂದೇ ಕಾಲವನ್ನು ಸೂಚಿಸುತ್ತವೆಯೇ ಎಂದು ನೋಡುವುದು ಸರಿಯಾದ ಕ್ರಮ. ಗ್ರಂಥಸಂಪಾದನೆಯಲ್ಲಿ ಒಂದೇ ಹಸ್ತಪ್ರತಿಯನ್ನು ನಂಬದಿರುವಂತೆ ಇದೂ.

ಸಾದೃಶ್ಯದ ಮೋಸ

ಎರಡು ಮಸೂರವಿರುವುದೆಲ್ಲ ರೋಲಿಫ್ಲೆಕ್ಸ್ ಅಲ್ಲ. ಅದರ ಯಶಸ್ಸನ್ನು ಕಂಡು ಜರ್ಮನಿಯ ಇತರ ಸಂಸ್ಥೆಗಳೂ ಬ್ರಿಟನ್, ಚೆಕೊಸ್ಲೊವಾಕಿಯಾ, ಸೋವಿಯತ್ ಒಕ್ಕೂಟ, ಜಪಾನ್, ಚೀನಾ ದೇಶಗಳ ಕಾರ್ಖಾನೆಗಳೂ ಅದೇ ರೂಪದ ಕ್ಯಾಮೆರಾಗಳನ್ನು ತಯಾರಿಸಿದವು. ಮುಂಭಾಗದ ಎರಡು ಮಸೂರಗಳ ಅಂಚಿನಲ್ಲಿ ಹಲ್ಲುಗಳಿದ್ದು, ಒಂದನ್ನು ತಿರುಗಿಸಿದರೆ ಇನ್ನೊಂದು ತಿರುಗುವಂತಿದ್ದರೆ ಅದು ಜಪಾನಿನ ರಿಕೋಫ್ಲೆಕ್ಸ್ ಅಥವಾ ಲೆನಿನ್‌ಗ್ರಾಡಿನ ಲುಬಿಟೆಲ್‌ನಂಥ ಅಗ್ಗದ ಮಾದರಿ. ರೋಲಿಫ್ಲೆಕ್ಸಿನಲ್ಲಿ ಇಡೀ ಮುಂಫಲಕವೇ ಸರಿಯುತ್ತದೆ. ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು ಎಂಬ ಇಂಗ್ಲಿಷ್ ಮುದ್ರೆಯಿದ್ದರೆ ಅದು 1947ರಿಂದ 1952ರವರೆಗಿನ ಅಲ್ಪಾವಧಿಯದು. ಆ ವರ್ಷದ ಏಪ್ರಿಲಿನಲ್ಲಿ ಮಿತ್ರರಾಷ್ಟ್ರಗಳ ಆಡಳಿತ ಕೊನೆಗೊಂಡಿತು. ಯಾಷಿಕಾ-ಮ್ಯಾಟ್ 1957ರದು, ಯಾಷಿಕಾ-ಮ್ಯಾಟ್ 124 ಬಂದದ್ದು 1968ರಲ್ಲಿ. 124 ಎಂಬುದು 12 ಚಿತ್ರಗಳ 120 ಫಿಲ್ಮನ್ನೂ 24 ಚಿತ್ರಗಳ 220 ಫಿಲ್ಮನ್ನೂ ಸೂಚಿಸುವ ಹೆಸರು. 220 ಫಿಲ್ಮು ಮಾರುಕಟ್ಟೆಗೆ ಬಂದದ್ದೇ 1965ರಲ್ಲಿ. ಆದ್ದರಿಂದ 12 ಮತ್ತು 24ರ ನಡುವೆ ಬದಲಾಯಿಸುವ ಗುಂಡಿಯಿರುವ ಯಾವ ಕ್ಯಾಮೆರಾವೂ ಅದಕ್ಕಿಂತ ಹಿಂದಿನದಲ್ಲ.

ಚೌಕದ ನೆಗೆಟಿವ್ ಇದ್ದಮಾತ್ರಕ್ಕೆ ಅವಳಿ ಮಸೂರದ ಕ್ಯಾಮೆರಾ ಎಂದೂ ಹೇಳುವಂತಿಲ್ಲ. ಅಗ್‌ಫಾ ಕ್ಲಿಕ್-3ರಂಥ ಒಂದೇ ಮಸೂರದ ಸರಳ ಕ್ಯಾಮೆರಾಗಳೂ 120 ಫಿಲ್ಮಿನ ಮೇಲೆ ಅದೇ ಚೌಕವನ್ನು ಕೊಡುತ್ತಿದ್ದವು. ಚಿತ್ರ ಆಯತಾಕಾರದಲ್ಲಿದ್ದರೆ ಅದು ಅವಳಿ ಮಸೂರದ್ದಲ್ಲ ಎನ್ನುವುದೂ ಅವಸರದ ಮಾತು. ಚೌಕದ ನೆಗೆಟಿವಿನಿಂದ ಬೇಕಾದ ಭಾಗವನ್ನಷ್ಟೇ ಆಯತದ ಕಾಗದಕ್ಕೆ ಅಚ್ಚುಹಾಕಬಹುದು. ಮೂಲ ತಿಳಿಯುವುದು ನೆಗೆಟಿವ್ ಉಳಿದಿದ್ದರೆ ಮಾತ್ರ.

ಕ್ಯಾಮೆರಾದಿಂದ ನೆಗೆಟಿವಿಗೆ

ಕ್ಯಾಮೆರಾದ ವರ್ಷ ತಿಳಿದರೂ ಅದೇ ಕ್ಯಾಮೆರಾ ಆ ಚಿತ್ರವನ್ನು ತೆಗೆಯಿತೆಂದು ಸಿದ್ಧವಾಗುವುದಿಲ್ಲ. ಈ ಎರಡನ್ನೂ ಬೆಸೆಯುವ ಸಾಧನ ನೆಗೆಟಿವಿನ ಅಂಚು. ಫಿಲ್ಮಿನ ಮುಂದೆ ಇರುವ ಲೋಹದ ಚೌಕಟ್ಟಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚುಗಳೂ ಉಬ್ಬುಗಳೂ ಇರುತ್ತವೆ. ಅವುಗಳ ನೆರಳು ಪ್ರತಿ ನೆಗೆಟಿವಿನ ಅಂಚಿನಲ್ಲೂ ಒಂದೇ ಜಾಗದಲ್ಲಿ ಮೂಡುತ್ತದೆ. ಅಚ್ಚುಹಾಕುವಾಗ ಅಂಚು ಮುಚ್ಚಿಹೋಗುವುದರಿಂದ ಕಾಗದದ ಪ್ರತಿಯಲ್ಲಿ ಇದು ಕಾಣುವುದಿಲ್ಲ. ಕ್ಯಾಮೆರಾದ ಹಿಂಬದಿಯನ್ನು ತೆರೆದು ಚೌಕಟ್ಟಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ, ನೆಗೆಟಿವಿನ ಅಂಚಿನೊಡನೆ ಹೋಲಿಸಿದರೆ ಎರಡರ ಸಂಬಂಧವನ್ನು ಹೇಳಬಹುದು, ಅಥವಾ ಅಲ್ಲಗಳೆಯಬಹುದು.

ಅದೇ ಅಂಚಿನಲ್ಲಿ ಫಿಲ್ಮು ತಯಾರಿಸಿದವರ ಹೆಸರೂ ಹಲವೊಮ್ಮೆ ಇರುತ್ತದೆ. ಇಲ್ಫರ್ಡ್ ಸಂಸ್ಥೆಯ ಎಚ್‌ಪಿ4 ಫಿಲ್ಮು 1965ರದು, ಎಫ್‌ಪಿ4 1968ರದು, ಎಚ್‌ಪಿ5 1976ರದು. ಕೊಡಾಕ್ ವೆರಿಕ್ರೋಮ್ ಪ್ಯಾನ್ 1956ರದು. ನೀಲಗಿರಿಯ ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಉತ್ಪಾದನೆ ತೊಡಗಿದ್ದು 1967ರಲ್ಲಿ. ಅದರ ಇಂದು ಎಂಬ ಹೆಸರಿನ ಫಿಲ್ಮು ಆ ವರ್ಷಕ್ಕಿಂತ ಹಿಂದಿನ ಚಿತ್ರದಲ್ಲಿ ಇರಲು ಸಾಧ್ಯವಿಲ್ಲ. ಕ್ಯಾಮೆರಾ ದಶಕಗಳ ಕಾಲ ಬಳಕೆಯಲ್ಲಿರುತ್ತದೆ. ಫಿಲ್ಮು ಕೆಲವೇ ವರ್ಷಗಳಲ್ಲಿ ಮುಗಿಯುತ್ತದೆ. ಆದ್ದರಿಂದ ಚಿತ್ರದ ಕಾಲಕ್ಕೆ ಕ್ಯಾಮೆರಾಕ್ಕಿಂತ ಫಿಲ್ಮು ಹತ್ತಿರದ ಸಾಕ್ಷಿ. 1950ಕ್ಕಿಂತ ಹಿಂದಿನ ಸುರುಳಿಗಳಲ್ಲಿ ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮು ಇರಬಹುದಾದ ಕಾರಣ ಅವನ್ನು ಬೇರೆಯಾಗಿ, ತಂಪಾದ ಕಡೆ ಇಡುವುದು ಅಗತ್ಯ.

ಇಲ್ಲಿ ಒಂದು ತತ್ತ್ವ ಸ್ಪಷ್ಟವಾಗಬೇಕು. ಕ್ಯಾಮೆರಾದ ತಯಾರಿಕೆಯ ವರ್ಷ ಚಿತ್ರದ ಮೊದಲ ಮಿತಿಯನ್ನು ಮಾತ್ರ ಹೇಳುತ್ತದೆ, ಕೊನೆಯ ಮಿತಿಯನ್ನಲ್ಲ. 1938ರ ಕ್ಯಾಮೆರಾ 1970ರಲ್ಲೂ ಚಿತ್ರ ತೆಗೆಯಬಲ್ಲದು. ಕೈಯಿಂದ ಕೈಗೆ ದಾಟಿದ ಕ್ಯಾಮೆರಾ ತಯಾರಾದ ಊರಿನಿಂದ ಬಳಕೆಯ ಊರಿಗೆ ಯಾವಾಗ ಬಂತೆಂಬುದನ್ನು ಅದರ ಸಂಖ್ಯೆ ಹೇಳಲಾರದು. ದೂರದ ಅಳತೆ ಮೀಟರಿನಲ್ಲಿಲ್ಲದೆ ಅಡಿಗಳಲ್ಲಿದ್ದರೆ ಇಂಗ್ಲಿಷ್ ಅಳತೆಯ ದೇಶಗಳಿಗೆ ರಫ್ತಾದದ್ದೆಂಬಷ್ಟು ಊಹೆಗೆ ಅದು ಎಡೆಕೊಡುತ್ತದೆ.

ತಡವಾದ ತೇದಿಯ ಬೆಲೆ

ಈ ವಿಧಾನದ ಪ್ರಯೋಜನವನ್ನು ಒಂದು ಕಲ್ಪಿತ ಸನ್ನಿವೇಶದಿಂದ ಪರೀಕ್ಷಿಸಬಹುದು. ಆದೋನಿಯ ಒಂದು ಮನೆಯಲ್ಲಿ ಕನ್ನಡ ಶಾಲೆಯ ಚಿತ್ರ, ಅದರ ಚೌಕದ ನೆಗೆಟಿವ್, ರೋಲಿಫ್ಲೆಕ್ಸ್ ಕ್ಯಾಮೆರಾ ಮೂರೂ ದೊರೆತವೆಂದಿಟ್ಟುಕೊಳ್ಳೋಣ. ಚಿತ್ರ 1952ರದು, ಅದೇ ಕ್ಯಾಮೆರಾದಿಂದ ತೆಗೆದದ್ದು ಎಂದು ಮನೆಯವರು ಹೇಳುತ್ತಾರೆ. ಕ್ಯಾಮೆರಾದ ಸಂಖ್ಯೆ 14,50,000ದ ಆಸುಪಾಸಿನದು, ವೇಗದ ಅಂಕಿಗಳು 60 ಮತ್ತು 125, ಫಲಕದಲ್ಲಿ ಡಿ.ಬಿ.ಪಿ. ಮುದ್ರೆ. ಮೂರು ಗುರುತುಗಳೂ ಕೂಡಿ ಹೇಳುವುದು ಒಂದೇ: ಈ ಯಂತ್ರ 1954ಕ್ಕಿಂತ ಹಿಂದೆ ಇರಲಿಲ್ಲ. ನೆಗೆಟಿವಿನ ಅಂಚು ಕ್ಯಾಮೆರಾದ ಚೌಕಟ್ಟಿಗೆ ಹೊಂದದಿದ್ದರೆ ಚಿತ್ರ ಬೇರೆ ಕ್ಯಾಮೆರಾದ್ದು. ಮನೆಯವರ ತೇದಿ ಉಳಿಯಬಹುದು, ಕ್ಯಾಮೆರಾದ ಮಾತು ಬೀಳುತ್ತದೆ. ಅಂಚು ಹೊಂದಿದರೆ ಕ್ಯಾಮೆರಾದ ಮಾತು ನಿಂತು ತೇದಿ ಬೀಳುತ್ತದೆ. ಎರಡೂ ಒಟ್ಟಿಗೆ ನಿಲ್ಲಲಾರವು.

ಚಿತ್ರವನ್ನು ಹಿಂದಕ್ಕೆ ತಳ್ಳುವ ಆಸೆ ಸಹಜವಾದದ್ದು. ವಿಭಜನೆಗೆ ಮುಂಚೆ ಇಲ್ಲಿ ಕನ್ನಡವಿತ್ತು ಎಂದು ತೋರಿಸಲು ಹಳೆಯ ಚಿತ್ರ ಬೇಕೆನಿಸುತ್ತದೆ. ವಿಭಜನೆಗೆ ಮುಂಚಿನ ಕನ್ನಡಕ್ಕೆ ಶಾಸನಗಳು, ಕಡತಗಳು, ಜನಗಣತಿಯ ದಾಖಲೆಗಳು ಸಾಕಷ್ಟಿವೆ. ಒಂದು ಛಾಯಾಚಿತ್ರ ಅದಕ್ಕೆ ಸೇರಿಸುವುದು ಕಡಿಮೆ. ಅದೇ ಚಿತ್ರ 1954ರ ಅನಂತರದ್ದಾದರೆ ಬೇರೆಯದೇ ಮಾತನ್ನು ಹೇಳುತ್ತದೆ: ರಾಜ್ಯ ಬದಲಾದ ಮೇಲೂ ಆ ಫಲಕ ಇಳಿಯಲಿಲ್ಲ, ಮಕ್ಕಳು ಅದರ ಕೆಳಗೇ ಸಾಲಾಗಿ ನಿಂತರು. ನೆಗೆಟಿವಿನ ಅಂಚಿನಲ್ಲಿ ಎಚ್‌ಪಿ4 ಎಂದಿದ್ದರೆ ಆ ಸಾಕ್ಷಿ 1965ರಿಂದ ಈಚಿನದಾಗಿ ಇನ್ನಷ್ಟು ಬೆಲೆಯುಳ್ಳದ್ದಾಗುತ್ತದೆ. ಸುಳ್ಳು ತೇದಿ ಕೊಡುವ ಹಳಮೆಗಿಂತ ನಿಜವಾದ ತೇದಿ ಕೊಡುವ ನಿರಂತರತೆ ಗಡಿನಾಡಿನ ಚರಿತ್ರೆಗೆ ದೊಡ್ಡ ಆಸ್ತಿ. ಒಂದು ತಪ್ಪು ತೇದಿ ಬಯಲಾದರೆ ಅದರ ಜೊತೆಗಿಟ್ಟ ಹತ್ತು ಸರಿಯಾದ ದಾಖಲೆಗಳೂ ಸಂಶಯಕ್ಕೆ ಒಳಗಾಗುತ್ತವೆ ಎಂಬುದೂ ನೆನಪಿರಬೇಕು.

ಮನೆಯವರ ನೆನಪನ್ನು ಇದರಿಂದ ಅಲ್ಲಗಳೆದಂತಾಗುವುದಿಲ್ಲ. ನೆನಪಿಗೆ ತನ್ನದೇ ಕಾಲಗಣನೆಯಿದೆ. ಮದುವೆ, ಬರ, ಶಾಲೆಗೆ ಸೇರಿದ ವರ್ಷ ಇವುಗಳ ಸುತ್ತ ಅದು ತೇದಿಗಳನ್ನು ಜೋಡಿಸುತ್ತದೆ. ನೆನಪಿನ ಮಾತನ್ನು ಮಾತಿನಂತೆಯೇ ಬರೆದಿಟ್ಟು, ಯಂತ್ರದ ಗುರುತುಗಳನ್ನು ಪ್ರತ್ಯೇಕವಾಗಿ ಬರೆದಿಟ್ಟು, ತೀರ್ಮಾನವನ್ನು ಮೂರನೆಯ ಕಡೆ ಬರೆಯುವುದು ಉಚಿತ. ಮುಂದಿನವರು ಹೊಸ ಆಧಾರ ಸಿಕ್ಕಾಗ ತೀರ್ಮಾನವನ್ನು ತಿದ್ದಬಹುದು. ಮೊದಲೆರಡನ್ನು ತಿದ್ದುವ ಅಗತ್ಯ ಬಾರದು.

ಕ್ಯಾಮೆರಾ ಕೈಗೆ ಬಂದಾಗ ಒರೆಸುವುದಕ್ಕಿಂತ ಮೊದಲು ಅದರ ನಾಲ್ಕು ಬದಿಗಳನ್ನೂ ನಾಮಫಲಕವನ್ನೂ ಮಸೂರದ ಬಳೆಗಳನ್ನೂ ಷಟರಿನ ಅಂಕಿಗಳನ್ನೂ ಚಿತ್ರ ತೆಗೆದಿಡಬೇಕು. ಒಳಗೆ ಫಿಲ್ಮು ಉಳಿದಿರಬಹುದಾದ್ದರಿಂದ ಹಿಂಬದಿಯನ್ನು ಬೆಳಕಿನಲ್ಲಿ ತೆರೆಯಬಾರದು. ಚರ್ಮದ ಚೀಲ, ಅದರೊಳಗಿನ ರಸೀತಿ, ಅಂಗಡಿಯ ಚೀಟಿ ಇವನ್ನು ಕ್ಯಾಮೆರಾದಿಂದ ಬೇರ್ಪಡಿಸಬಾರದು. ಕೊಂಡ ಊರು, ಕೊಂಡ ವರ್ಷ ಇವೆರಡನ್ನೂ ಹೇಳಬಲ್ಲ ದಾಖಲೆ ಹೆಚ್ಚಾಗಿ ಆ ಚೀಟಿಯೊಂದೇ.